ದೇವರಮನೆ ಗಂಟೆ ಬಾರಿಸುವ ಸಬ್‌ವೂಫರ್: ಎರಡೂವರೆ ವರ್ಷದ ಬಳಕೆ

ನಮ್ಮ ಹಾಲ್‌ನಲ್ಲಿ ಐದು ಸ್ಪೀಕರ್, ತಗ್ಗಿನ ಸದ್ದಿಗೆಂದೇ ಇರುವ ಒಂದು ಸಬ್‌ವೂಫರ್, ಇವಕ್ಕೆಲ್ಲ ಸದ್ದು ಹಂಚುವ ಒಂದು ರಿಸೀವರ್ ಇವೆ. ಬಂದವರ ಕಣ್ಣಿಗೆ ಬೀಳುವುದು ಟಿವಿ ಮಾತ್ರ. ಅದೊಂದು ಹೆಮ್ಮೆ ಇದ್ದೇ ಇದೆ. ಆದರೆ ಈಗ ಬರೆಯಲು ಕೂತಿರುವುದು ಆ ಹೆಮ್ಮೆಯಿಂದಲ್ಲ, ದೇವರಮನೆ ಬಾಗಿಲಿನ ಗಂಟೆಗಳ ದೆಸೆಯಿಂದ.

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಮಾವ ಕಟ್ಟಿಸಿದ ಹಳೇ ಮನೆ ನಮ್ಮದು. ಹಾಲ್ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ರೆಡ್ ಆಕ್ಸೈಡ್ ನೆಲ. ಮೊದಲೆಲ್ಲ ಶಾಂತಲಾ ಥಿಯೇಟರಿಗೆ ನಡೆದೇ ಹೋಗುತ್ತಿದ್ದೆವು. ಅದು 2020ರಲ್ಲಿ ಮುಚ್ಚಿತು. ಮಾಲ್‌ಗೆ ಹೋದರೆ ಪಾಪ್‌ಕಾರ್ನಿಗೇ ಟಿಕೆಟ್‌ಗಿಂತ ಜಾಸ್ತಿ ಕೊಡಬೇಕು. ಮನೆಯಲ್ಲೇ ಏನಾದರೂ ಮಾಡೋಣ ಅಂದಾಗ ಅತ್ತೆ ಹಾಕಿದ ಷರತ್ತು ಒಂದೇ: "ಏನಾದ್ರೂ ಮಾಡ್ಕೋಮ್ಮ, ನನ್ನ ಹಾಲ್ ಮಾತ್ರ ಮೈಕ್‌ಸೆಟ್ ಅಂಗಡಿ ಥರ ಕಾಣಬಾರದು."

ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕುತ್ತಿಲ್ಲ. ನನ್ನ ತಕರಾರು ಪೆಟ್ಟಿಗೆಯ ಮೇಲಲ್ಲ, ಅದನ್ನು ಇಟ್ಟ ಜಾಗದ ಮೇಲೆ. ಖರ್ಚು ಮಾತ್ರ ಹೇಳಿಬಿಡುತ್ತೇನೆ. ರಿಸೀವರ್ 38,000, ಮುಂದಿನ ಜೋಡಿ 16,000, ಮಾತು ಕೇಳಿಸುವ ಮಧ್ಯದ ಸ್ಪೀಕರ್ ಅಂದರೆ ಸೆಂಟರ್ 9,000, ಹಿಂದಿನ ಜೋಡಿ 11,000, ಸಬ್‌ವೂಫರ್ 17,000. ಕಾರ್ಪೆಂಟರ್‌ಗೆ 14,000. ವೈರು, ಪಟ್ಟಿ, ಚಿಲ್ಲರೆ ಸಾಮಾನು 4,500. ಒಟ್ಟು ಒಂದು ಲಕ್ಷದ ಹತ್ತು ಸಾವಿರಕ್ಕೆ ಐನೂರು ಕಡಿಮೆ. ನಮ್ಮವರಿಗೆ ತೊಂಬತ್ತು ಅಂತ ಹೇಳಿದ್ದೆ.

ಮರೆಮಾಡುವ ಕೆಲಸ ಅಂದುಕೊಂಡಷ್ಟು ಕಷ್ಟವಿರಲಿಲ್ಲ. "ಗಾಳಿ ಆಡಬೇಕು ಅಂತೀರಿ, ಕಾಣಬಾರದು ಅಂತೀರಿ, ಬೆತ್ತ ಹೆಣೆಸಿಬಿಡೋಣ ಮೇಡಂ" ಎಂದವರು ಕಾರ್ಪೆಂಟರೇ. ಟಿವಿ ಸ್ಟ್ಯಾಂಡಿನ ಖಾನೆಗಳಿಗೆ ಹಳೇ ಕುರ್ಚಿಯ ಹಾಗೆ ಬೆತ್ತದ ಹೆಣಿಗೆಯ ಬಾಗಿಲು ಬಂತು. ರಿಸೀವರ್ ಒಳಗಿದ್ದರೆ ರಿಮೋಟ್ ಹೇಗೆ ಅನ್ನುತ್ತೀರಾ? ಟಿವಿಯ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೆ (ಟಿವಿಯ ಸದ್ದು ರಿಸೀವರಿಗೆ ಹೋಗುವುದು ಇದರಿಂದಲೇ) ವೈರ್ ಹಾಕಿ, ಒಂದರ ರಿಮೋಟಿಗೆ ಇನ್ನೊಂದೂ ಮಾತು ಕೇಳುವಂತೆ ಮಾಡುವ ಸಿಇಸಿ ಆನ್ ಮಾಡಿದರೆ ಟಿವಿ ರಿಮೋಟಿನಿಂದಲೇ ಸೌಂಡ್ ಏರುತ್ತದೆ, ಇಳಿಯುತ್ತದೆ. ಇನ್ನೊಂದು ರಿಮೋಟ್ ಅಡುಗೆಮನೆ ಡ್ರಾಯರ್‌ನಲ್ಲಿ ಮಲಗಿದೆ.

ಸ್ಟ್ಯಾಂಡಿನ ಹಿಂಭಾಗವನ್ನೂ ತೆರೆಸಿ. ನಾವು ಮೊದಲು ತೆರೆಸಲಿಲ್ಲ. ಮೊದಲ ಬೇಸಿಗೆಯಲ್ಲೇ ರಿಸೀವರ್ ಕಾದು ಎರಡು ಸಲ ತಾನಾಗಿ ಆಫ್ ಆಯಿತು, ಅದೂ ಕ್ಲೈಮ್ಯಾಕ್ಸ್ ಹೊತ್ತಿಗೆ.

ಮುಂದಿನ ಸ್ಪೀಕರ್‌ಗಳ ಮೇಲೆ ಅತ್ತೆಯ ಹಳೇ ಹತ್ತಿ ಸೀರೆಯ ಬಟ್ಟೆ ಬಿಗಿದಿದ್ದೇನೆ. ಬಟ್ಟೆ ಆರಿಸುವುದು ಸುಲಭ. ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಆರಾಮಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ರೇಷ್ಮೆ ಸೀರೆಯಲ್ಲಿ ಹೋಗಲಿಲ್ಲ. (ಊದಿ ನೋಡಿದ್ದಕ್ಕೇ ಬೈಸಿಕೊಂಡೆ.) ಹಿಂದಿನ ಸ್ಪೀಕರ್‌ಗಳ ವೈರು ಗೋಡೆಯ ಬುಡದಲ್ಲಿ, ಬಾಗಿಲ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಪಟ್ಟಿಯೊಳಗೆ ಓಡಿದೆ. ಪಟ್ಟಿಗೆ ಗೋಡೆಯ ಬಣ್ಣವನ್ನೇ ಹೊಡೆಸಿದೆವು. ಕರೆಂಟ್ ವೈರ್ ಹೋಗುವ ಪೈಪಿನೊಳಗೇ ಸ್ಪೀಕರ್ ವೈರನ್ನೂ ತೂರಿಸುತ್ತೇನೆ ಎಂದ ಹುಡುಗನನ್ನು ಮಾತ್ರ ತಡೆದೆ. ಅದು ಅಪಾಯ, ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದೂ ಸೇರಬಹುದು.

ರಾತ್ರಿ ಒಂಬತ್ತೂವರೆಗೆ ಪಾತ್ರೆ ಆದ ಮೇಲೆ ನಮ್ಮ ಥಿಯೇಟರ್ ಶುರು. ಮೊದಲು ಮಂಚದ ಕೆಳಗಿನ ಜಮಖಾನ ತಂದು ಸೋಫಾದ ಮುಂದೆ ಹಾಸುತ್ತೇನೆ. ಹೊಳೆಯುವ ನೆಲ ಕನ್ನಡಿ ಇದ್ದ ಹಾಗೆ, ಸದ್ದನ್ನು ವಾಪಸ್ ಎಸೆಯುತ್ತದೆ. ಬರೀ ನೆಲದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಜಮಖಾನ ಹಾಸಿ ಇನ್ನೊಂದು ತಟ್ಟಿ ನೋಡಿ, ಗೊತ್ತಾಗುತ್ತದೆ. ಆಮೇಲೆ ಎರಡು ಕಿಟಕಿಯ ದಪ್ಪ ಪರದೆ. ಸ್ಟೆಬಿಲೈಸರ್ ಮೇಲಿನ ಹಸಿರು ದೀಪಕ್ಕೆ ಒಂದು ಕರ್ಚೀಫು. ಒಂದು ಬಟ್ಟಲು ಕಡಲೆಕಾಯಿ ಬೀಜ. ನಮ್ಮವರು ಬಂದು ಕೂತು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹೋಗುತ್ತಾರೆ. ಗೊರಕೆ ಸೋಫಾದ ಎಡಗಡೆಯಿಂದ ಬರುತ್ತದೆ, ಅದಕ್ಕೆ ಬೇರೆ ಸ್ಪೀಕರ್ ಬೇಕಿಲ್ಲ.

ಇನ್ನು ಗಂಟೆಯ ವಿಷಯ. ನಮ್ಮ ದೇವರಮನೆ ಬಾಗಿಲಿಗೆ ಚೌಕ ಚೌಕ ಕಿಂಡಿ. ಒಂದೊಂದರಲ್ಲೂ ಒಂದು ಹಿತ್ತಾಳೆ ಗಂಟೆ, ಒಟ್ಟು ಹದಿನೆಂಟು. ಸಬ್‌ವೂಫರನ್ನು ದಿವಾನದ ಪಕ್ಕದ ಮೂಲೆಯಲ್ಲಿ ಇಟ್ಟಿದ್ದೆ, ಮೇಲೆ ಬಟ್ಟೆ ಹೊದಿಸಿ ಹೂಕುಂಡದ ಸ್ಟೂಲ್ ಥರ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ. ಮೊದಲ ರಾತ್ರಿ ಒಂದು ಫೈಟ್ ಸೀನ್. ಹೀರೋ ಗುದ್ದಿದ, ದೇವರಮನೆಯಲ್ಲಿ ಕಿಣಿಕಿಣಿ. ಮತ್ತೆ ಗುದ್ದಿದ, ಮತ್ತೆ ಕಿಣಿಕಿಣಿ. ಮಲಗಿದ್ದ ಅತ್ತೆ ಎದ್ದು ಬಂದು, "ಈ ಹೊತ್ತಲ್ಲಿ ಯಾರು ಪೂಜೆ ಮಾಡ್ತಿರೋದು?" ಅಂದರು.

ಹದಿನೇಳು ಸಾವಿರ ಕೊಟ್ಟು ತಂದ ಡಬ್ಬ ಅದು! ಸೌಂಡ್ ಇಳಿಸಿದೆ. ಗಂಟೆ ನಿಂತಿತು, ಸಬ್‌ವೂಫರ್ ಇದ್ದೂ ಇಲ್ಲದ ಹಾಗಾಯಿತು. ಕೆಳಗೆ ರಬ್ಬರ್ ಮ್ಯಾಟ್ ಹಾಕಿದೆ. ಪಾತ್ರೆ ಸ್ಟ್ಯಾಂಡಿನ ಲೋಟಗಳ ಗಲಗಲ ನಿಂತಿತು, ಗಂಟೆ ನಿಲ್ಲಲಿಲ್ಲ. ಗಂಟೆಯ ನಾಲಗೆಗಳಿಗೆ ದಾರ ಕಟ್ಟಿಬಿಡೋಣ ಅಂದಿದ್ದೇ ತಪ್ಪಾಯಿತು. "ದೇವರ ಗಂಟೆ ನಾಲಗೆ ಕಟ್ತೀಯಾ? ನಿನ್ನ ಡಬ್ಬದ ಬಾಯಿ ಕಟ್ಟು." ಎರಡು ತಿಂಗಳು ಸಿನಿಮಾ ನೋಡುವ ಮನಸ್ಸೇ ಹೋಯಿತು. ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿಟ್ಟಿದ್ದೆ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು. ಅಲೆಗಳ ಪಾಠವನ್ನು ವರ್ಷಾ ವರ್ಷಾ ಮಾಡುತ್ತೇನೆ. ಆದರೂ ಮನೆಯಲ್ಲಿ ಹೊಳೆಯಲಿಲ್ಲ ನೋಡಿ. ಒಂದು ಭಾನುವಾರ ಫೋನಿನಿಂದ ಡಬ್ಬಕ್ಕೆ ಕಡಿಮೆ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಸದ್ದಿನಿಂದ ಹೆಚ್ಚಿನದರವರೆಗೆ ಒಂದೊಂದೇ ಬಿಡುತ್ತಾ ಹೋದೆ. ಗಂಟೆ ಬಾರಿಸಿದ್ದು 56 ಹರ್ಟ್ಸ್ ಆಸುಪಾಸಿನಲ್ಲಿ ಮಾತ್ರ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ನಮ್ಮ ಹಾಲ್ ಅಗಲ ಹತ್ತಡಿ, ಅಂದರೆ ಮೂರು ಮೀಟರ್ ಚಿಲ್ಲರೆ. ಅದರ ಎರಡರಷ್ಟು ಉದ್ದದ ಅಲೆ ಎರಡು ಗೋಡೆಗಳ ಮಧ್ಯೆ ಸರಿಯಾಗಿ ಹಿಡಿಸುತ್ತದೆ. 345ನ್ನು 6.1ರಿಂದ ಭಾಗಿಸಿ, ಅಷ್ಟೇ ಬರುತ್ತದೆ. ಆ ಅಲೆಯ ಒತ್ತಡ ಗೋಡೆಗಳ ಬಳಿ ಜಾಸ್ತಿ. ದೇವರಮನೆ ಬಾಗಿಲಿರುವುದು ಪಕ್ಕದ ಗೋಡೆಯಲ್ಲಿ. ಡಬ್ಬ ಇಟ್ಟಿದ್ದು ಮೂಲೆಯಲ್ಲಿ. ತೂಗುವ ಜೋಕಾಲಿಯನ್ನು ಹಿಡಿದು ಹಿಡಿದು ತಳ್ಳಿದ ಹಾಗಾಗಿತ್ತು.

ಹಾಗಾದರೆ ಅಗಲದ ನಟ್ಟನಡುವೆ ಇಟ್ಟರೆ? ಅಲ್ಲಿ ಆ ಅಲೆಯ ಒತ್ತಡ ಸೊನ್ನೆ, ಎಷ್ಟು ತಳ್ಳಿದರೂ ಜೋಕಾಲಿ ಏಳುವುದಿಲ್ಲ. ಟಿವಿ ಸ್ಟ್ಯಾಂಡಿನ ಮಧ್ಯದ ಖಾನೆಯ ತಳದ ಹಲಗೆ ಬಿಚ್ಚಿಸಿ ಡಬ್ಬವನ್ನು ನೆಲದ ಮೇಲೇ ಇಟ್ಟೆ. ಅದೇ ಫೈಟ್ ಸೀನ್ ಹಾಕಿದೆ. ಹೀರೋ ಗುದ್ದಿದ. ಗಂಟೆ ಸುಮ್ಮನಿತ್ತು. ಸದ್ದೂ ಗುಡುಗುಡು ಅನ್ನದೆ ಬಿಗಿಯಾಯಿತು. ತಗ್ಗಿನ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಅದಕ್ಕೆ ಬಿಟ್ಟರೆ ಎಲ್ಲಿಟ್ಟರೂ ಒಂದೇ, ಅಂತ ಎಲ್ಲ ಕಡೆ ಹೇಳುತ್ತಾರೆ. ಕಿವಿಗೆ ಒಂದೇ ಇರಬಹುದು. ಕೋಣೆಗೆ ಅಲ್ಲ.

ಹಿಂದಿನ ಜೋಡಿಗೆ ಕೊಟ್ಟ ಹನ್ನೊಂದು ಸಾವಿರದ ಬಗ್ಗೆ ಈಗಲೂ ಸಂಕಟವಿದೆ. ನಾವು ನೋಡುವ ಹಳೇ ಕನ್ನಡ ಸಿನಿಮಾಗಳಲ್ಲಿ ಅವಕ್ಕೆ ಕೆಲಸವೇ ಇಲ್ಲ. ಆದರೆ ಒಂಬತ್ತು ಸಾವಿರದ ಸೆಂಟರ್ ಸ್ಪೀಕರಿಗೆ ಮಾವ ಆಶೀರ್ವಾದ ಮಾಡುತ್ತಾರೆ. ಅವರಿಗೆ ಕಿವಿ ಸ್ವಲ್ಪ ಮಂದ. ಮೊದಲು ಮಾತು ಕೇಳಲಿ ಅಂತ ಸೌಂಡ್ ಏರಿಸುತ್ತಿದ್ದರು, ಹಾಡು ಬಂದಾಗ ಬೀದಿಗೆಲ್ಲ ಕೇಳುತ್ತಿತ್ತು. ಈಗ ಸೆಂಟರ್ ಒಂದನ್ನೇ ಮೂರು ಡೆಸಿಬಲ್ ಏರಿಸಿದ್ದೇನೆ. ಅವರ ಕಾಲದ ಸಿನಿಮಾಗಳ ಮಾತನ್ನೂ ರಿಸೀವರ್ ಹೆಕ್ಕಿ ಮಧ್ಯಕ್ಕೆ ತರುತ್ತದೆ. "ಏನಂದ, ಏನಂದ" ಅಂತ ಕೇಳುವುದು ನಿಂತಿದೆ. ಮತ್ತೆ ಕೊಳ್ಳುವುದಾದರೆ ಮುಂದಿನ ಮೂರು, ಒಂದು ಸಬ್‌ವೂಫರ್, ಅಷ್ಟೇ. ಹಿಂದಿನದ್ದು ದುಡ್ಡಿದ್ದಾಗ.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ದಸರಾ ಬಂತು. ಅತ್ತೆ ಗೊಂಬೆ ಕೂರಿಸುವವರು. ಪಟ್ಟದ ಗೊಂಬೆಗಳಿಗೆ ಮೆಟ್ಟಿಲು ಸರಿ, ರಾಗಿ ಮೊಳಕೆಯ ಪಾರ್ಕಿಗೆ ಜಾಗ ಬೇಕಲ್ಲ? ಟಿವಿ ಕೆಳಗಿನ ಮಧ್ಯದ ಖಾನೆಯೇ ಆಗಬೇಕು ಅಂದರು. ಡಬ್ಬ ಮತ್ತೆ ಮೂಲೆಗೆ ಹೋಯಿತು. ಒಂಬತ್ತು ದಿನ ಅದನ್ನು ಆನ್ ಮಾಡಲಿಲ್ಲ.

ವಿಜಯದಶಮಿ ದಿನ ಜಂಬೂಸವಾರಿ ನೇರಪ್ರಸಾರ. ಮಾವನಿಗೆ ಕೇಳಲಿ ಅಂತ ಎಲ್ಲವನ್ನೂ ಆನ್ ಮಾಡಿದೆ, ಮೂಲೆಯ ಡಬ್ಬ ಮರೆತೇ ಹೋಗಿತ್ತು. ಕುಶಾಲತೋಪು ಶುರುವಾಯಿತು. ಅರಮನೆ ಕಡೆಯಿಂದ ಮೊದಲ ತೋಪು ಕಿಟಕಿಯಲ್ಲಿ ಮಂದವಾಗಿ ಕೇಳಿತು. ಎರಡೆಣಿಸುವಷ್ಟರಲ್ಲಿ ಟಿವಿಯಲ್ಲಿ ಢಂ. ಅದರ ಬೆನ್ನಿಗೇ ದೇವರಮನೆಯ ಹದಿನೆಂಟೂ ಗಂಟೆ ಕಿಣಿಕಿಣಿ. ಅತ್ತೆ ಎದ್ದರು. ಇವತ್ತು ಹಬ್ಬದ ದಿನವೂ ಬೈಸಿಕೊಂಡೆ ಅಂತ ರಿಮೋಟ್ ಹುಡುಕಿದೆ. ಅವರು ದೇವರಮನೆ ಮುಂದೆ ಹೋಗಿ ಕೈಮುಗಿದು ನಿಂತರು. "ಇಳಿಸಬೇಡ, ಇರಲಿ" ಅಂದರು. ಒಂದೊಂದು ತೋಪಿಗೂ ಬೆರಳು ಮಡಿಸಿ ಎಣಿಸಿದರು. ಹತ್ತೊಂಬತ್ತೇ ಬಂತು. ನಡುವೆ ನಿರೂಪಕರು ಮಾತಾಡಿದ್ದರಿಂದ ಎರಡು ಬಿಟ್ಟುಹೋದವು ಅಂತ ಸಂಜೆವರೆಗೂ ಗೊಣಗಿದರು.

ಕಳೆದ ದಸರಾದಲ್ಲಿ ಆಯುಧಪೂಜೆಯ ದಿನ ಸಬ್‌ವೂಫರಿಗೂ ಕುಂಕುಮ ಬಿತ್ತು. ರಾತ್ರಿ ಅತ್ತೆಯೇ ಕೇಳಿದರು: "ಆ ಡಬ್ಬ ಮೂಲೆಯಲ್ಲೇ ಇದೆ ತಾನೇ? ವೈರು ಹಾಕಿದ್ಯಾ?" ಪೆಟ್ಟಿಗೆ ಜೊತೆ ಬರುವ ವೈರು ಮೂಲೆಯವರೆಗೆ ಎಟುಕುವುದಿಲ್ಲ. ನೀವು ಕೊಂಡರೆ ಉದ್ದದ್ದನ್ನು ಮೊದಲೇ ತಗೊಳ್ಳಿ.