ಕ್ರೋಮ್ ಬಂಪರಿಗೆ ಬಣ್ಣ: ಉಜ್ಜಿದರೆ ಸಾಕೋ, ಲೇಪ ಕಳಚಿಸಬೇಕೋ?

1968ರ ಪಾಂಟಿಯಾಕ್ ಜಿಟಿಒ ಮೂತಿಗೆ ಬಾಡಿ ಬಣ್ಣದ ಎಂಡ್ಯುರಾ ಬಂಪರ್ ಬಂತು. 1969ರ ಕೆಮರೊಗೂ ವಿಇ3 ಎಂಬ ಕೋಡಿನಲ್ಲಿ ಅಂಥದೇ ಮುಂಬಂಪರ್ ಸಿಗುತ್ತಿತ್ತು. ಆದ್ದರಿಂದ ಆ ಕಾಲದ ಕಾರಿನ ಬಂಪರಿಗೆ ಬಣ್ಣ ಹೊಡೆಯುವುದು ಅಪಚಾರವೇನಲ್ಲ. ಆದರೆ ಎಂಡ್ಯುರಾದಲ್ಲಿ ಬಣ್ಣ ಕೂರುತ್ತಿದ್ದುದು ರಬ್ಬರಿನಂಥ ಹೊದಿಕೆಯ ಮೇಲೆ. ಮಾಮೂಲಿ ಕ್ರೋಮ್ ಬಂಪರಿನಲ್ಲಿ ಅದು ಕೂರಬೇಕಾದದ್ದು ಲೋಹದ ಲೇಪಗಳ ಮೇಲೆ. ತೊಡಕೆಲ್ಲ ಅಲ್ಲೇ.

ಮಿರುಗುವ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ. ಅದರ ಕೆಳಗಿರುವ ನಿಕ್ಕಲ್ ಅದಕ್ಕಿಂತ ಹತ್ತಾರು ಪಟ್ಟು ದಪ್ಪ, ಹಲವು ಬಂಪರುಗಳಲ್ಲಿ ಅದರಡಿ ತಾಮ್ರವೂ ಉಂಟು. ಕೊನೆಗೆ ಉಕ್ಕು. ಕ್ರೋಮ್ ಮೇಲೆ ಬಣ್ಣ ನಿಲ್ಲುವುದಿಲ್ಲ ಅನ್ನುವವರು ಅರ್ಧ ಸರಿ. ಚೆನ್ನಾಗಿ ಉಜ್ಜಿದ ಕ್ರೋಮ್ ಮೇಲೆ ಎಪಾಕ್ಸಿ ಪ್ರೈಮರ್ (ಬಣ್ಣದಡಿ ಹೊಡೆಯುವ, ಲೋಹಕ್ಕೆ ಬಿಗಿಯಾಗಿ ಅಂಟುವ ಲೇಪ) ಗಟ್ಟಿಯಾಗಿಯೇ ನಿಲ್ಲುತ್ತದೆ. ಬಣ್ಣ ಏಳುವುದು ನಿಕ್ಕಲ್ ಅಡಿಯಲ್ಲಿ ಹರಡುವ ತುಕ್ಕಿನಿಂದ. ಆಗ ಬಣ್ಣ, ಪ್ರೈಮರ್, ಕ್ರೋಮ್ ಎಲ್ಲವೂ ಒಟ್ಟಿಗೇ ಚಕ್ಕೆಯಾಗಿ ಬರುತ್ತವೆ. ಆದ್ದರಿಂದ ಮೊದಲು ಬಂಪರನ್ನು ಬಿಚ್ಚಿ ಬೆನ್ನು ನೋಡಬೇಕು. ಮುಖದ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿದ್ದರೆ ಬ್ಲೇಡಿನ ತುದಿಯಿಂದ ಕೆದಕಿ. ಲೇಪದ ಅಂಚು ಎದ್ದರೆ ಉಜ್ಜುವ ದಾರಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಲೇಪ ಎಲ್ಲೂ ಎದ್ದಿಲ್ಲದಿದ್ದರೆ ಉಜ್ಜುವುದೇ ಅಗ್ಗದ ದಾರಿ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಮೇಣ-ಜಿಡ್ಡು ತೆಗೆಯುವ ದ್ರಾವಕದಲ್ಲಿ ಎರಡು ಸಲ ಒರೆಸಿ, ಆಮೇಲೆ 80 ನಂಬರಿನ ಉಜ್ಜುಕಾಗದ. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಕ್ರೋಮ್ ಕಾಗದವನ್ನು ಬೇಗ ಸವೆಸುತ್ತದೆ. ಸವೆದ ಕಾಗದ ಗೀರುವುದಿಲ್ಲ, ಪಾಲಿಶ್ ಮಾಡುತ್ತದೆ. ಧಾರಾಳವಾಗಿ ಬದಲಾಯಿಸಿ. ಎಲ್ಲೂ ಹೊಳಪಿನ ಚುಕ್ಕೆ ಉಳಿಯಬಾರದು. ಕೈ ಹೋಗದ ಸಂದುಗಳಿಗೆ ಅಲ್ಯೂಮಿನಿಯಂ ಆಕ್ಸೈಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಹರಳುಪುಡಿ ಚಿಮ್ಮಿಸುವುದು) ಕಾಗದಕ್ಕಿಂತ ಎಷ್ಟೋ ಮೇಲು. ಆದರೆ ಬ್ಲಾಸ್ಟಿಂಗ್‌ನಿಂದಲೇ ಲೇಪವನ್ನೆಲ್ಲ ತೆಗೆಯುತ್ತೇನೆಂದು ಹೊರಟರೆ ನಿಕ್ಕಲ್ ಬಗ್ಗುವುದಿಲ್ಲ, ಸುಮ್ಮನೆ ಹೊತ್ತು ಹೋಗುತ್ತದೆ. ಧೂಳು ಏಳದಂತೆ ನೀರು ಹಾಕಿ ಉಜ್ಜಿ, ಮಾಸ್ಕ್ ಬಿಡಬೇಡಿ.

ಮನೆಯಲ್ಲೇ ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಮ್ಲ) ಹಾಕುವುದು ನಡುವಿನ ದಾರಿ. ನಮ್ಮ ಮಟ್ಟಿಗೆ ಇದರಷ್ಟು ದಂಡದ ಕೆಲಸ ಇನ್ನೊಂದಿಲ್ಲ. ಆಸಿಡ್ ತಿನ್ನುವುದು ಕ್ರೋಮನ್ನು ಮಾತ್ರ. ಹಳದಿ ಛಾಯೆಯ ನಿಕ್ಕಲ್ ಹಾಗೇ ಉಳಿಯುತ್ತದೆ, ಅದನ್ನೂ ಉಜ್ಜಲೇಬೇಕು. ಹೊಗೆಗೆ ಶೆಡ್ಡಿನ ಸ್ಪ್ಯಾನರುಗಳೆಲ್ಲ ತುಕ್ಕು ಹಿಡಿಯುತ್ತವೆ. ಕ್ರೋಮಿಯಂ ಬೆರೆತ ಆ ನೀರನ್ನು ಚರಂಡಿಗೆ ಚೆಲ್ಲುವಂತೆಯೂ ಇಲ್ಲ.

ಪ್ಲೇಟಿಂಗ್ ಅಂಗಡಿಯಲ್ಲಿ ಲೇಪ ಕಳಚಿಸುವುದು ದುಬಾರಿ, ಆದರೆ ಬೋಲ್ಟ್ ತಲೆ ಮರೆಸುವಂಥ ವೆಲ್ಡಿಂಗ್ ಕೆಲಸ ಇದ್ದರೆ ಬೇರೆ ದಾರಿಯೇ ಇಲ್ಲ. ಕ್ರೋಮ್ ಮೇಲೆ ವೆಲ್ಡ್ ಮಾಡಿದರೆ ಬರುವ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ, ಅದು ಕ್ಯಾನ್ಸರ್‌ಕಾರಕ. ತಾಮ್ರ ಬೆರೆತ ವೆಲ್ಡ್ ಬಿರುಕು ಬಿಡುತ್ತದೆ. ಕೊಡುವಾಗಲೇ ‘ನಿಕ್ಕಲ್, ತಾಮ್ರ ಎರಡೂ ಹೋಗಬೇಕು’ ಎಂದು ಹೇಳಿ. ವಾಪಸು ಬರುವ ಬರಿಯ ಉಕ್ಕಿಗೆ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ತುಕ್ಕು ಕೂರುತ್ತದೆ. ಇವತ್ತೇ ವೆಲ್ಡ್ ಮಾಡದಿದ್ದರೆ ಇವತ್ತೇ ಎಪಾಕ್ಸಿ ಹೊಡೆದಿಡಿ, ಆಮೇಲೆ ಬೇಕಾದ ಜಾಗವನ್ನಷ್ಟೇ ಕೆರೆದುಕೊಳ್ಳಬಹುದು.

ಬೋಲ್ಟ್ ತಲೆಗಳನ್ನು ಮಾಯ ಮಾಡಲು ಮತ್ತೆ ಎರಡು ದಾರಿ. ತೂತು ಮುಚ್ಚಿ ಹಿಂದೆ ಹೊಸ ನಟ್‌ಪಟ್ಟಿ (ನಟ್ ಕೂರಿಸಿದ ಉಕ್ಕಿನ ಪಟ್ಟಿ) ಬೆಸೆಯುವುದು ಒಂದು. ಹಳೆಯ ಬೋಲ್ಟಿನ ಸ್ಟೇನ್‌ಲೆಸ್ ಟೋಪಿ ಕಿತ್ತು, ತಲೆಯನ್ನೇ ಬಂಪರಿಗೆ ಬೆಸೆದು, ಗ್ರೈಂಡರಿನಲ್ಲಿ ಸಮ ಮಾಡುವುದು ಇನ್ನೊಂದು. ಎರಡನೆಯದೇ ವಾಸಿ, ಬೋಲ್ಟು ಸ್ಟಡ್ ಆಗಿ, ಅಂದರೆ ತಲೆಯಿಲ್ಲದ ತಿರುಪುಕಡ್ಡಿಯಾಗಿ, ತನ್ನ ಜಾಗದಲ್ಲೇ ಉಳಿಯುತ್ತದೆ. ಆದರೆ ಟ್ಯಾಕ್ (ಜಾಗ ಹಿಡಿದಿಡುವ ಚುಕ್ಕೆ ವೆಲ್ಡ್) ಹಾಕುವುದು ಬಂಪರ್ ಕಾರಿನ ಮೇಲಿದ್ದಾಗ, ಬ್ರಾಕೆಟ್ ಬಿಗಿದು, ಬಾಡಿಯ ಸಂದು ಎರಡೂ ಬದಿ ಸಮವಾದ ಮೇಲೆ. ಮೇಜಿನ ಮೇಲೆ ಬೆಸೆದ ಸ್ಟಡ್ ಎರಡು ಮಿ.ಮೀ. ಓರೆಯಾದರೂ ಬ್ರಾಕೆಟ್ಟಿಗೆ ಕೂರದು. ಬ್ಯಾಟರಿ ತಂತಿ ಬಿಚ್ಚಿ, ಫೆಂಡರಿಗೆ ವೆಲ್ಡಿಂಗ್ ಕಂಬಳಿ ಹೊದಿಸಿ. ಟ್ಯಾಕ್ ಆದಮೇಲೆ ಕೆಳಗಿಳಿಸಿ, ಒಂದೇ ಕಡೆ ಸುತ್ತದೆ ಜಾಗ ಬದಲಿಸುತ್ತ ಪೂರ್ತಿ ವೆಲ್ಡ್ ಮಾಡಿ. ತೂತಿಗೆ ಬರೀ ಪುಟ್ಟಿ ಮೆತ್ತುವವರೂ ಇದ್ದಾರೆ. ರಸ್ತೆಯ ಕುಲುಕಾಟಕ್ಕೆ ಪುಟ್ಟಿಯ ಸುತ್ತ ಉಂಗುರದಂತೆ ಬಿರುಕು ಮೂಡಿ, ಇಲ್ಲೊಂದು ತೂತಿತ್ತು ಎಂದು ತಾನೇ ಸಾರುತ್ತದೆ.

ವೆಲ್ಡ್ ಗೆರೆಗೆ ಮೊದಲು ಫೈಬರ್ ಬೆರೆತ ಪುಟ್ಟಿ, ಅದರ ಮೇಲೆ ಮಾಮೂಲಿ ಪುಟ್ಟಿ, ಒಟ್ಟು 3 ಮಿ.ಮೀ. ಮೀರದಂತೆ. ಅದಕ್ಕೂ ಹೆಚ್ಚು ಬೇಕೆನಿಸಿದರೆ ಅದು ಟಿಂಕರಿಂಗ್ ಕೆಲಸ, ಪುಟ್ಟಿಯದಲ್ಲ. ಉಜ್ಜಿದ ಕ್ರೋಮ್ ಮೇಲೆ ನೇರವಾಗಿ ಪುಟ್ಟಿ ಹಾಕಬೇಡಿ, ನಡುವೆ ಎಪಾಕ್ಸಿ ಇರಲೇಬೇಕು. ಆಮೇಲೆ ದಪ್ಪವಾಗಿ ಕೂರುವ ಹೈ-ಬಿಲ್ಡ್ ಪ್ರೈಮರ್ ಎರಡು ಮೂರು ಕೋಟು, 180, 320 ನಂಬರಿನ ಕಾಗದ, ಕೊನೆಗೆ 600ರಲ್ಲಿ ನೀರುಜ್ಜು.

ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಬೇಯಿಸುವುದು) ಆಸೆ ಇದ್ದವರಿಗೆ ಒಂದು ಮಾತು: ಸುಮಾರು 200 ಡಿಗ್ರಿಯ ಒಲೆಯಲ್ಲಿ ಈ ಪುಟ್ಟಿ ಉಳಿಯುವುದಿಲ್ಲ. ಫೈಬರ್‌ಗ್ಲಾಸ್ ಬಂಪರ್ ತೂಕದಲ್ಲಿ ಗೆಲ್ಲುತ್ತದೆ, ಲೇಪ ಕಳಚುವ ರಗಳೆಯಿಲ್ಲ. ಆದರೆ ಪಾರ್ಕಿಂಗಿನ ಸಣ್ಣ ತಾಗುವಿಕೆಗೂ ಸೀಳಬಹುದು. ರೇಸಿಗೆ ಸರಿ, ರಸ್ತೆಗೆ ಉಕ್ಕೇ ಇರಲಿ.

ಮೆಟಾಲಿಕ್ ಬಣ್ಣವಾದರೆ ಬಂಪರನ್ನು ಕಾರಿನಲ್ಲಿ ನಿಲ್ಲುವ ಭಂಗಿಯಲ್ಲೇ ಸ್ಟ್ಯಾಂಡಿಗೆ ಕಟ್ಟಿ ಸ್ಪ್ರೇ ಮಾಡಿ. ಮಲಗಿಸಿ ಹೊಡೆದರೆ ಲೋಹದ ಕಣಗಳು ಬೇರೆ ಥರ ಕೂತು, ಅದೇ ಡಬ್ಬಿಯ ಬಣ್ಣವೂ ಫೆಂಡರಿನ ಪಕ್ಕ ಒಂದು ಛಾಯೆ ಬೇರೆಯಾಗಿ ಕಾಣುತ್ತದೆ.