ಕೀಮೋಗೆ ಕೈನರ, ಪಿಕ್ ಲೈನ್, ಪೋರ್ಟ್: ಮೂರನ್ನೂ ಕಂಡ ಮೇಲೆ ನನ್ನ ಆಯ್ಕೆ

ನನಗೆ ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂತ ಗೊತ್ತಾದಾಗ ಮನೆಯಲ್ಲಿ ಮಾತೆಲ್ಲ ಯಾವ ಡಾಕ್ಟರು, ಯಾವ ಔಷಧಿ, ಕೀಮೋದ ಎಷ್ಟು ಸೈಕಲ್, ಅಂದರೆ ಸುತ್ತು, ಎನ್ನುವುದರ ಸುತ್ತಲೇ ಇತ್ತು. ಔಷಧಿ ಮೈಯೊಳಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಮನೆಯವರು ಎಷ್ಟು ಸಲ ರಜೆ ಹಾಕಬೇಕು, ಸ್ನಾನಕ್ಕೆ ಯಾರ ಕೈ ಬೇಕು, ಮಗುವನ್ನು ಎತ್ತಿಕೊಳ್ಳಬಹುದೇ ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಕೈನರಕ್ಕೆ ಹಾಕುವ ಕ್ಯಾನುಲಾ, ತೋಳಿನಿಂದ ಇಳಿಸುವ ಪಿಕ್ ಲೈನ್, ಎದೆಯ ಚರ್ಮದಡಿ ಕೂರಿಸುವ ಪೋರ್ಟ್, ಹೀಗೆ ಮೂರೂ ದಾರಿ ಅನುಭವಿಸಿದ್ದೇನೆ. ಪೋರ್ಟ್ ಹಾಕಿಸಿಕೊಳ್ಳುವ ಅವಕಾಶವಿದ್ದರೆ ಅದನ್ನೇ ಕೇಳಿ ಎನ್ನುತ್ತೇನೆ.

ಕೈಗೆ ಕ್ಯಾನುಲಾ, ಅಂದರೆ ನರದೊಳಗಿಡುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ನರ ಚೆನ್ನಾಗಿದ್ದು ಸೈಕಲ್ ಕಡಿಮೆ ಇದ್ದರೆ ಅದೇ ಸಾಕು. ನನ್ನವು ಸಣ್ಣ ನರಗಳು. ನನಗೆ ಕೊಟ್ಟ ಆರ್-ಚಾಪ್ ಎಂಬ ಔಷಧಿಗಳ ಗುಂಪಿನಲ್ಲಿ ಬರುವ ಡಾಕ್ಸೊರೂಬಿಸಿನ್, ವಿನ್‌ಕ್ರಿಸ್ಟಿನ್ ಎರಡೂ ನರದಿಂದಾಚೆ ಸೋರಿದರೆ ಸುತ್ತಲಿನ ಚರ್ಮ, ಮಾಂಸವನ್ನೇ ಹಾಳುಮಾಡುವ ಔಷಧಿಗಳು. ಡಾಕ್ಸೊರೂಬಿಸಿನ್ನಿನ ಕೆಂಪು ಸಿರಿಂಜ್ ಖಾಲಿಯಾಗುವವರೆಗೂ ನರ್ಸ್ ಪಕ್ಕದಲ್ಲೇ ಕೂತು, ನಡುನಡುವೆ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುತ್ತಿದ್ದರು. "ಚೂರು ಉರಿ ಅನ್ನಿಸಿದ್ರೂ ಹೇಳಿಬಿಡಿ" ಎಂದು ಮತ್ತೆಮತ್ತೆ ಹೇಳುತ್ತಿದ್ದರು. ಎರಡನೇ ಸೈಕಲ್‌ಗೆ ಹೋದಾಗ "ನರ ಸಿಗ್ತಾ ಇಲ್ಲ" ಎಂದು ಅವರೇ ಪಿಕ್ ಲೈನ್ ಮಾತೆತ್ತಿದರು.

ಪಿಕ್ ಲೈನ್ ಹಾಕುವುದೇನೂ ಕಷ್ಟವಲ್ಲ. ತೋಳಿನ ಮೇಲ್ಭಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ತೆಳು ಕೊಳವೆಯನ್ನು ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಇಳಿಸುತ್ತಾರೆ. ಎಕ್ಸ್‌ರೇಯಲ್ಲಿ ತುದಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿದರೆ ಮುಗಿಯಿತು. ಅಂದು ಖುಷಿಯಿಂದಲೇ ಮನೆಗೆ ಬಂದೆ.

ಕಷ್ಟ ಶುರುವಾಗಿದ್ದು ಬಚ್ಚಲುಮನೆಯಲ್ಲಿ. ಕೊಳವೆಯ ಬಾಲ ತೋಳಿನಿಂದ ಹೊರಗೇ ಇರುತ್ತದೆ. ಅದರ ಮೇಲಿನ ಪಾರದರ್ಶಕ ಡ್ರೆಸ್ಸಿಂಗ್‌ಗೆ ಹನಿ ನೀರೂ ತಾಗಬಾರದು. ನಮ್ಮನೆಯವರು ತೋಳಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೂ ಕೆಳಗೂ ಟೇಪ್ ಹಾಕಿ ಕಳಿಸುತ್ತಿದ್ದರು. ಆ ಕೈ ಎತ್ತಿ ಹಿಡಿದುಕೊಂಡೇ ಒಂದೇ ಕೈಯಲ್ಲಿ ಸ್ನಾನ. ಆದರೂ ಟೇಪಿನ ಅಂಚಿನಿಂದ ತೇವ ನುಗ್ಗುತ್ತಿತ್ತು. ತೇವವಾದರೆ ಅಥವಾ ಅಂಚು ಎದ್ದರೆ ವಾರಕ್ಕೊಮ್ಮೆ ಬದಲಿಸುವ ದಿನದವರೆಗೆ ಕಾಯುವಂತಿಲ್ಲ, ಆಗಲೇ ಡ್ರೆಸ್ಸಿಂಗ್ ಬದಲಿಸಬೇಕು. ಅಂದರೆ ಮತ್ತೆ ಆಸ್ಪತ್ರೆ, ಮತ್ತೆ ಯಾರದೋ ಅರ್ಧ ದಿನದ ರಜೆ.

ಕೊನೆಗೆ ಅಕ್ಕ ನರ್ಸ್ ಹತ್ತಿರ ನಿಂತು ಎಲ್ಲ ಕಲಿತಳು. ಅಂಟನ್ನು ಕೆಳಗಿನಿಂದ ಮೇಲಕ್ಕೆ, ಕೊಳವೆ ಹೊಕ್ಕ ಜಾಗದ ಕಡೆಗೇ ಬಿಡಿಸಬೇಕು. ಉಲ್ಟಾ ಎಳೆದರೆ ಕೊಳವೆಯೇ ಹೊರಗೆ ಜಾರೀತು. ಹೊರಗಿರುವ ಉದ್ದವನ್ನು ಪ್ರತಿಸಲ ಅಳೆಯಬೇಕು. ಕೊಳವೆ ಕಟ್ಟಿಕೊಳ್ಳದಂತೆ ಹಾಕುವ ಸಲೈನನ್ನು (ಇದಕ್ಕೇ ಫ್ಲಶ್ ಅನ್ನುತ್ತಾರೆ) ಒಂದೇ ಸಮನೆ ತಳ್ಳದೆ, ಸ್ವಲ್ಪ ತಳ್ಳಿ ನಿಲ್ಲಿಸಿ, ಮತ್ತೆ ಸ್ವಲ್ಪ ತಳ್ಳಬೇಕು. ಅವಳು ತಳ್ಳಿದ ಮರುಕ್ಷಣ ನನ್ನ ಬಾಯಲ್ಲಿ ಉಪ್ಪುಪ್ಪು ರುಚಿ. ಅವಳ ಕೈ ಒಂದು ಸಲವೂ ನಡುಗಲಿಲ್ಲ. ಆದರೆ ಡ್ರೆಸ್ಸಿಂಗ್‌ನ ಹಿಂದಿನ ರಾತ್ರಿ ಅವಳು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ ಎಂದು ಭಾವ ಹೇಳಿದ ಮೇಲೆ ನನಗೆ ಆ ಲೈನ್ ಬೇಡವೇ ಬೇಡ ಅನ್ನಿಸಿತು.

ಮುಂದೊಂದು ದಿನ ತೋಳು ಊದಿಕೊಂಡಿತು. ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿದಾಗ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಲೈನ್ ತೆಗೆದು, ರಕ್ತ ತೆಳುಮಾಡುವ ಔಷಧಿ ಕೊಟ್ಟರು. ಪಿಕ್‌ನಲ್ಲಿ ಇದು ಅಪರೂಪವೇನಲ್ಲ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಕಾವಾ ಅಧ್ಯಯನದಲ್ಲಿ, ಪಿಕ್ ಹಾಕಿಸಿಕೊಂಡವರಲ್ಲಿ 47% ಜನರಿಗೆ ಏನಾದರೊಂದು ತೊಡಕಾದರೆ ಪೋರ್ಟ್‌ನವರಲ್ಲಿ 32% ಜನರಿಗೆ ಆಗಿತ್ತು.

ಆಮೇಲೆ ಪೋರ್ಟ್ ಹಾಕಿಸಿಕೊಂಡೆ. ಅದು ಕಾಲರ್ ಮೂಳೆಯ ಕೆಳಗೆ, ಚರ್ಮದಡಿ ಕೂರಿಸುವ ಪುಟ್ಟ ಡಬ್ಬಿ. ಅದಕ್ಕೆ ಜೋಡಿಸಿದ ಕೊಳವೆ ರಕ್ತನಾಳದೊಳಗೆ ಹೋಗುತ್ತದೆ, ಚರ್ಮದ ಮೇಲಿಂದ ಡಬ್ಬಿಗೆ ಸೂಜಿ ಚುಚ್ಚಿ ಔಷಧಿ ಕೊಡುತ್ತಾರೆ. ಅದಕ್ಕೆ ಸಣ್ಣ ಆಪರೇಷನ್ ಬೇಕು, ತೆಗೆಯುವಾಗ ಇನ್ನೊಂದು. ಗಾಯ ಒಣಗಿದ ಮೇಲೆ ತಲೆ ಮೇಲಿಂದ ನೀರು ಹುಯ್ದುಕೊಂಡು, ಎರಡೂ ಕೈಯಲ್ಲಿ ಮೈ ತಿಕ್ಕಿ ಸ್ನಾನ ಮಾಡಿದೆ. ಮಗಳು ಮೊದಲಿನ ಹಾಗೆ ತೋಳಿನ ಮೇಲೆ ಮಲಗಿದಳು. ಬಳಸದ ದಿನಗಳಲ್ಲಿ ಸುಮಾರು ನಾಲ್ಕು ವಾರಕ್ಕೊಮ್ಮೆ ಫ್ಲಶ್ ಮಾಡಿಸಿದರೆ ಆಯಿತು. ಕೀಮೋ ನಡೆಯುವಾಗ ಅಲ್ಲೇ ಆಗಿಹೋಗುತ್ತದೆ.

ಕೊರತೆ ಇಲ್ಲವೆಂದಲ್ಲ. ಎದೆಗೆ ಸೂಜಿ ಚುಚ್ಚುವಾಗ ನೋಯುತ್ತದೆ, ಒಂದು ಗಂಟೆ ಮೊದಲೇ ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡು ಹೋಗಿ. ಪೋರ್ಟ್‌ಗೆಂದೇ ಇರುವ ಹ್ಯೂಬರ್ ಸೂಜಿಯೇ ಬೇಕು, ಮಾಮೂಲಿ ಸೂಜಿ ಹಾಕಿದರೆ ಡಬ್ಬಿಯ ಮೇಲಿನ ಸಿಲಿಕಾನ್ ಹಾಳಾಗುತ್ತದೆ. ಕಾರಿನ ಸೀಟ್ ಬೆಲ್ಟ್ ಒತ್ತುತ್ತದೆ.

ಪಿಕ್ ಆಗಲಿ ಪೋರ್ಟ್ ಆಗಲಿ, ಜ್ವರ 100.4 ಡಿಗ್ರಿ ಮುಟ್ಟಿದರೆ ಅಥವಾ ಫ್ಲಶ್ ಆದ ಮೇಲೆ ಚಳಿ ನಡುಕ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ. ಮನೆಯವರೆಲ್ಲರಿಗೂ ಇದು ಗೊತ್ತಿರಲಿ.

ದುಡ್ಡಿನ ಮಾತು: ಪೋರ್ಟ್‌ಗೆ ಮೊದಲೇ ದೊಡ್ಡ ಮೊತ್ತ ಬೇಕು. ಪಿಕ್ ಅಗ್ಗವೆನಿಸುತ್ತದೆ, ಆದರೆ ಪ್ರತಿವಾರದ ಡ್ರೆಸ್ಸಿಂಗ್, ಓಡಾಟ, ಕಳೆದುಕೊಂಡ ಸಂಬಳ ಸೇರಿಸಿ ಲೆಕ್ಕ ಹಾಕಿ. ಚಿಕಿತ್ಸೆ ಕೆಲವೇ ವಾರದ್ದಾಗಿ, ಮನೆಗೇ ಬಂದು ಡ್ರೆಸ್ಸಿಂಗ್ ಮಾಡುವ ನರ್ಸ್ ಇದ್ದರೆ ಪಿಕ್ ಸಾಕಾದೀತು. ದಿನಾ ತಲೆ ಮೇಲೆ ನೀರು ಹುಯ್ದುಕೊಳ್ಳದೆ ಇರಲಾಗದ, ಚಿಕ್ಕ ಮಗುವಿರುವ, ಇಬ್ಬರೂ ದುಡಿದರೆ ಮಾತ್ರ ನಡೆಯುವ ನಮ್ಮ ಮನೆಗೆ ಪೋರ್ಟೇ ಸರಿಹೋಯಿತು. ಕೀಮೋ ಮುಗಿದಿದೆ, ಮುಂದಿನ ಸ್ಕ್ಯಾನ್ ನೋಡಿ ಪೋರ್ಟ್ ತೆಗೆಯೋಣ ಎಂದಿದ್ದಾರೆ ಡಾಕ್ಟರು. ಫ್ಲಶ್‌ಗೆ ಈಗ ನಾನೊಬ್ಬಳೇ ಹೋಗಿ ಬರುತ್ತೇನೆ.