ಹಾರರ್ ನಾಟಕಕ್ಕೆ ಪುಟ್ಟ ಕೋಣೆಯೋ, ದೊಡ್ಡ ರಂಗಮಂದಿರವೋ?

ಹಾರರ್ ನಾಟಕಗಳನ್ನೇ ಆಡುವ ತಂಡಕ್ಕೆ ಯಾವ ಜಾಗ ಸರಿ ಅಂತ ಕೇಳಿದ್ದೀರಿ. ಬಾಡಿಗೆ, ರಂಗಸಜ್ಜಿಕೆ ಎರಡರಲ್ಲೂ ಕೋಣೆ ಅಗ್ಗ. ಒಂದು ಪ್ರದರ್ಶನಕ್ಕೆ ಮಾರುವ ಟಿಕೆಟ್‌ಗಳ ಸಂಖ್ಯೆ ಕಡಿಮೆಯಾದ್ದರಿಂದ ಪ್ರದರ್ಶನ ಮಾತ್ರ ಹೆಚ್ಚು ಬೇಕು.

ಹೆದರಿಸುವುದಕ್ಕೆ ಹತ್ತಿರವೇ ಬಲ. 1897ರಿಂದ 1962ರವರೆಗೆ ನಡೆದ ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್ ಎಂಬ ಹಾರರ್ ನಾಟಕಶಾಲೆಯಲ್ಲಿ ಇದ್ದದ್ದು 300ಕ್ಕೂ ಕಡಿಮೆ ಆಸನ. ಭಯದ ನಾಟಕಗಳ ನಡುವೆ ಪ್ರಹಸನವನ್ನೂ ಆಡುತ್ತಿದ್ದರು, ಜಾಣರು! ಆದರೆ ಮುಂದಿನ ಸಾಲಿನವರಿಗೆ ಚಾಕುವಿನ ಹಿಡಿಯಲ್ಲಿ ಅಡಗಿಸಿದ ನಕಲಿ ರಕ್ತದ ಚೀಲ ಕಂಡಿತೋ, ಕಿರುಚಾಟದ ಬದಲು ನಗು. ದೂರದ ವೇದಿಕೆ ಇಂಥದ್ದನ್ನು ಮುಚ್ಚಿಹಾಕುತ್ತದೆ. ತೆಳು ಪರದೆಯ ಹಿಂದೆ ದೀಪ ಹೊತ್ತಿಸಿ ಆಕೃತಿ ಮೂಡಿಸಲೂ ಅಲ್ಲಿ ಅನುಕೂಲ.

ನಟರು ಪಳಗಿದವರಾಗಿದ್ದು ಸಲಕರಣೆ ಕಡಿಮೆಯಿದ್ದರೆ ಕೋಣೆ. ದೆವ್ವ ಕಣ್ಣಿಗೆ ಕಾಣಲೇಬೇಕಾದ ಕಥೆ, ಒಳ್ಳೆಯ ಬೆಳಕಿನ ತಂತ್ರಜ್ಞರು ಇದ್ದರೆ ರಂಗಮಂದಿರ. ಎಲ್ಲೇ ಆಡಿದರೂ ತುರ್ತು ಬಾಗಿಲಿನ ದೀಪ ಆರಿಸಬೇಡಿ.